ಗಾಯಕ್ಕೆ ಅರಿಶಿನ: ಪೇಟೆಂಟ್ ದಾಖಲೆ ಮತ್ತು ಶಿಕಾಗೊ ವಿಮರ್ಶೆ

1. ದಾಖಲೆ

ಅಮೆರಿಕದ 5,401,504ನೇ ಪೇಟೆಂಟ್‌ಗೆ ಅರ್ಜಿ ಸಲ್ಲಿಕೆಯಾದದ್ದು 28 ಡಿಸೆಂಬರ್ 1993ರಂದು. ಮಂಜೂರಾದದ್ದು 28 ಮಾರ್ಚ್ 1995ರಂದು. ಆವಿಷ್ಕಾರಕರು ಸುಮನ್ ದಾಸ್ ಮತ್ತು ಹರಿಹರ್ ಕೊಹ್ಲಿ. ಹಕ್ಕುದಾರ ಸಂಸ್ಥೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. 'ಅರಿಶಿನಕ್ಕೇ ಪೇಟೆಂಟ್ ಕೊಟ್ಟರು' ಎಂಬ ರೂಢಿಯ ಮಾತು ನಿಖರವಲ್ಲ. ಅದರ ಆರೂ ಹಕ್ಕುಕೋರಿಕೆಗಳು ಗಾಯ ಮಾಯಿಸಲು ಅರಿಶಿನ ಪುಡಿ ಬಳಸುವ ವಿಧಾನಕ್ಕೆ ಸೀಮಿತವಾಗಿದ್ದವು. ಪುಡಿಯನ್ನು ಹಚ್ಚುವುದರ ಜೊತೆಗೆ ಸೇವಿಸುವುದೂ ಅದರಲ್ಲಿ ಸೇರಿತ್ತು.

2. ರದ್ದತಿಯ ವರ್ಷ

ಈ ಪೇಟೆಂಟ್ ರದ್ದಾದ ವರ್ಷವೆಂದು ಬರಹಗಳಲ್ಲಿ 1997, 1998 ಎರಡೂ ಕಾಣುತ್ತವೆ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು (ಸಿಎಸ್‌ಐಆರ್) ಮರುಪರಿಶೀಲನೆ ಕೋರಿದ್ದು ಅಕ್ಟೋಬರ್ 1996ರಲ್ಲಿ. ಪರೀಕ್ಷಕರು ಹಕ್ಕುಕೋರಿಕೆಗಳನ್ನು ತಿರಸ್ಕರಿಸಿದ್ದು ಆಗಸ್ಟ್ 1997ರಲ್ಲಿ. ರದ್ದತಿಯ ಪ್ರಮಾಣಪತ್ರ ಹೊರಬಿದ್ದದ್ದು 21 ಏಪ್ರಿಲ್ 1998ರಂದು. ಆದ್ದರಿಂದ ಇದು ವಿರೋಧಾಭಾಸವಲ್ಲ, ಒಂದೇ ಪ್ರಕ್ರಿಯೆಯ ಎರಡು ಹಂತ. ಕಾನೂನಿನ ದೃಷ್ಟಿಯಿಂದ 1998 ಎನ್ನುವುದು ಹೆಚ್ಚು ಸರಿ.

ಅಂದಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಳಕೆಯಷ್ಟೇ ಹೊಸತನವನ್ನು ಅಲ್ಲಗಳೆಯುವ ಪೂರ್ವಜ್ಞಾನವಾಗುತ್ತಿರಲಿಲ್ಲ. ಅದು ಅಚ್ಚಾಗಿರಬೇಕಿತ್ತು ಅಥವಾ ಪೇಟೆಂಟ್ ಪಡೆದಿರಬೇಕಿತ್ತು. ಪರಿಷತ್ತು 32 ಆಧಾರಗಳನ್ನು ಒದಗಿಸಿತು; ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕೆಯ 1953ರ ಲೇಖನವೊಂದು ಅವುಗಳಲ್ಲಿ ಸೇರಿತ್ತು. ಮನೆಮನೆಯ ಬಾಯಿಮಾತಿನ ತಿಳಿವಳಿಕೆ, ಅದೆಷ್ಟೇ ವ್ಯಾಪಕವಾಗಿದ್ದರೂ, ಆ ಕಡತದಲ್ಲಿ ನಿಲ್ಲುತ್ತಿರಲಿಲ್ಲ. ಹೊರದೇಶದ ಸಾರ್ವಜನಿಕ ಬಳಕೆಗೂ ಮಾನ್ಯತೆ ಸಿಕ್ಕಿದ್ದು 16 ಮಾರ್ಚ್ 2013ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ.

3. ಶಿಕಾಗೊ

ರದ್ದತಿಯಿಂದ ಸಾಬೀತಾದದ್ದು ಹಳಮೆ, ಗುಣಕಾರಿತ್ವವಲ್ಲ. ಈ ಎರಡನ್ನು ಬೆರೆಸುವ ವಾಡಿಕೆ ಕನ್ನಡ ಬರಹಗಳಲ್ಲೂ ಇದೆ. ಅದನ್ನು ಬಿಡುವುದು ಒಳ್ಳೆಯದು.

ಗುಣದ ಪ್ರಶ್ನೆಗೆ ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯ ಪ್ರಸ್ತುತ. ನಾರ್ಮನ್ ಫಾರ್ನ್ಸ್‌ವರ್ತ್ ಅಲ್ಲಿ 1975ರಲ್ಲಿ ಸಸ್ಯೌಷಧಿಗಳ 'ನ್ಯಾಪ್ರಲರ್ಟ್' ದತ್ತಕೋಶ ಆರಂಭಿಸಿದರು. ಅಲ್ಲಿನ ಗೀಡೊ ಪೌಲಿ ಸಹಲೇಖಕರಾಗಿದ್ದ 2017ರ ವಿಮರ್ಶೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅಣುವನ್ನು ಕುರಿತದ್ದು, ಅದರ ನಿಲುವು ಕಠಿಣ: ಅಣು ಅಸ್ಥಿರ, ರಕ್ತಕ್ಕೆ ಸೇರುವುದು ಅತ್ಯಲ್ಪ, ಪ್ರಯೋಗಾಲಯದ ಮಾಪನಗಳಲ್ಲಿ ಅದು ಹುಸಿ ಫಲಿತಾಂಶ ತೋರಬಲ್ಲದು; ಪ್ಲಸೀಬೊ ಜೊತೆ ಹೋಲಿಸಿದ ಯಾವ ದ್ವಿ-ಅಂಧ ಪರೀಕ್ಷೆಯೂ ಅದುವರೆಗೆ ಯಶಸ್ವಿಯಾಗಿರಲಿಲ್ಲ.

4. ಮಿತಿ

ಆದರೂ ಆ ತೀರ್ಮಾನವನ್ನು ಗಾಯಕ್ಕೆ ಹಚ್ಚಿದ ಅರಿಶಿನಕ್ಕೆ ನೇರವಾಗಿ ಅನ್ವಯಿಸಲಾಗದು. ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 5ರವರೆಗೆ ಮಾತ್ರ, ಉಳಿದದ್ದರಲ್ಲಿ ಪಿಷ್ಟ, ತೈಲ, ಇತರ ಘಟಕಗಳಿವೆ. ಹಚ್ಚಿದಾಗ ರಕ್ತಕ್ಕೆ ಸೇರುವ ಪ್ರಶ್ನೆಯೂ ಬಹುಶಃ ಗೌಣ. ವಿಮರ್ಶೆಯ ಗುರಿ ಅಣು, ಪೇಟೆಂಟ್‌ನ ವಿಷಯ ಪುಡಿ. ಪುಡಿಯ ಗುಣವನ್ನು ತೀರ್ಮಾನಿಸಲು ಒಂದೇ ಬಗೆಯ ಗಾಯಗಳು, ಒಂದೇ ಬಗೆಯ ಪಟ್ಟಿ, ಕಲಬೆರಕೆ ಪರೀಕ್ಷಿಸಿದ ಪುಡಿ, ಮುಚ್ಚಿಕೊಂಡ ವಿಸ್ತೀರ್ಣದ ಅಳತೆ ಬೇಕು. ಬಣ್ಣ ಎದ್ದು ಕಾಣುವುದರಿಂದ ಅಂಧ ಪರೀಕ್ಷೆಯೇ ಇಲ್ಲಿ ಕಷ್ಟ. ಅಳೆಯುವವರಿಗಾದರೂ ಯಾವ ಗಾಯಕ್ಕೆ ಏನು ಹಚ್ಚಿದ್ದೆಂಬುದು ತಿಳಿಯದಂತೆ ವಿನ್ಯಾಸಗೊಳಿಸಬೇಕಾದೀತು.