ಚಡೋತದ ಸಾರ್ವಜನಿಕ ಕಟ್ಟಡಗಳು

ಮಧ್ಯ ಏಷ್ಯದ ತಕ್ಲಾಮಕಾನ್ ಮರುಭೂಮಿಯ ದಕ್ಷಿಣ ಭಾಗದಲ್ಲಿ, ನಿಯಾ ನದಿಯು ಮರಳಿನಲ್ಲಿ ಇಂಗಿಹೋಗುವ ಎಡೆಯಿಂದ ಉತ್ತರಕ್ಕೆ, ಹಾಳೂರೊಂದಿದೆ. ಅಲ್ಲಿ ದೊರೆತ ಖರೋಷ್ಠೀ ಲೇಖಗಳಲ್ಲಿ ಅದರ ಹೆಸರು ಚಡೋತ. ಚೀನದ ಹಾನ್ ವಂಶದ ಇತಿಹಾಸಗ್ರಂಥದಲ್ಲಿ ಜಿಂಗ್‌ಜುಯೆ ಎಂದು ಹೇಳಿರುವ ಸೀಮೆಯು ಇದೇ ಎಂದು ವಿದ್ವಾಂಸರು ಎಣಿಸಿರುವರು. ಆ ಗ್ರಂಥದ ಗಣನೆಯಂತೆ ಅಲ್ಲಿದ್ದುದು 480 ಒಕ್ಕಲು, 3,360 ಜನ, 500 ಮಂದಿ ಆಯುಧ ಹಿಡಿಯಬಲ್ಲವರು. ಕ್ರಿ. ಶ. 3 ಮತ್ತು 4ನೆಯ ಶತಮಾನಗಳಲ್ಲಿ ಇದು ಕ್ರೋರೈನ ರಾಜ್ಯಕ್ಕೆ ಅಧೀನವಾಗಿದ್ದಿತು. ಇಷ್ಟು ಚಿಕ್ಕ ಊರಿನಲ್ಲಿ ಸಾರ್ವಜನಿಕ ಕಟ್ಟಡವೆನ್ನತಕ್ಕದ್ದು ಯಾವುದು ಎಂಬುದೇ ಇಲ್ಲಿ ವಿಚಾರಣೀಯ.

ಕಣ್ಣಿಗೆ ಕಾಣುವುದನ್ನು ಮಾತ್ರ ಲೆಕ್ಕಿಸಿದರೆ ಪಟ್ಟಿ ಬೇಗನೆ ಮುಗಿಯುತ್ತದೆ. ಹಸಿ ಇಟ್ಟಿಗೆಯ ಒಂದು ಸ್ತೂಪವುಂಟು. ಬತ್ತಿದ ಹೊಳೆಯ ಪಾತ್ರಕ್ಕೆ ಅಡ್ಡಲಾಗಿ ಕಾಲುಸೇತುವೆಯೊಂದುಂಟು. ಉಳಿದವು ಮರದ ಕಂಬಗಳ ನಡುವೆ ತಟ್ಟಿ ಹೆಣೆದು ಮಣ್ಣು ಮೆತ್ತಿದ ಮನೆಗಳು. ನಮ್ಮಲ್ಲಿ ದಾನವನ್ನೂ ಕಟ್ಟಳೆಯನ್ನೂ ಕಲ್ಲಿನಲ್ಲಿ ಕೊರೆದು ದೇವಾಲಯದ ಮುಂದೆ ನಿಲ್ಲಿಸಿದರು. ಚಡೋತದಲ್ಲಾದರೋ ಮರದ ಹಲಗೆಯೇ ಶಾಸನ. ಆದಕಾರಣ ಕಟ್ಟಡದ ಸ್ವರೂಪವನ್ನು ಹಲಗೆಗಳ ಮುಖದಿಂದಲೇ ಅರಿಯಬೇಕು.

ಸರ್ ಆರೆಲ್ ಸ್ಟೈನರು 1901ರಲ್ಲಿ ಒಂದು ಮನೆಯ ಕಸದ ರಾಶಿಯಿಂದ ಇನ್ನೂರಕ್ಕೂ ಮಿಕ್ಕ ಲೇಖಗಳನ್ನು ತೆಗೆದರು. 1906ರಲ್ಲಿ ಬೇರೊಂದು ಮನೆಯ ನೆಲದಡಿಯಲ್ಲಿ ಬಚ್ಚಿಟ್ಟ ಕ್ರಯಪತ್ರಾದಿಗಳು ದೊರೆತವು. ಇವುಗಳಲ್ಲಿ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಗೀರುಗಳಲ್ಲಿ ದಾರ ಸುತ್ತಿ, ಮೇಲಣ ಗುಳಿಯಲ್ಲಿ ಜೇಡಿಮಣ್ಣು ತುಂಬಿ ಮುದ್ರೆಯೊತ್ತುವುದು ಪದ್ಧತಿ. ಮುದ್ರೆಯನ್ನೊಡೆಯದೆ ಒಳಗಣ ಬರಹವನ್ನು ತಿದ್ದಲಾಗದು. ಮುದ್ರೆಗಳಲ್ಲಿ ಯವನರ ಪಲ್ಲಾಸ್ ದೇವಿಯ ಬಿಂಬವೂ ಇದೆ. ಬರಹವೋ ಗಾಂಧಾರ ದೇಶದ ಪ್ರಾಕೃತ. ಅರಸನ ಆಜ್ಞೆಗಳು ಬೆಣೆಯಾಕಾರದ ಹಲಗೆಗಳಲ್ಲಿ "ಚೋಝ್ಬೋ" ಎಂಬ ಅಧಿಕಾರಿಗೆ ಬರುತ್ತಿದ್ದವು. ಅಧಿಕಾರಿಯ ಮನೆಯೇ ಕಚೇರಿಯಾಗಿದ್ದಿತೆಂದು ಇದರಿಂದ ಊಹಿಸುವೆನು. ಬೇರೆ ರಾಜಭವನವನ್ನು ಅಲ್ಲಿ ಹುಡುಕುವುದು ವ್ಯರ್ಥ.

ವಿಹಾರದ ವಿಷಯವು ಇದಕ್ಕಿಂತ ಸ್ವಾರಸ್ಯವಾದುದು. ಮುದ್ರಿತ ಸಂಗ್ರಹದ 489ನೆಯ ಲೇಖವು ಮಹಗಿರಿ ರಾಜನ 10ನೆಯ ವರ್ಷದ್ದು. ರಾಜಧಾನಿಯ ಭಿಕ್ಷುಸಂಘವು ಚಡೋತದ ಸಂಘಕ್ಕೆ ವಿಧಿಸಿದ ಕಟ್ಟಳೆ ಅದರಲ್ಲಿದೆ. ಸಂಘದ ಕಾರ್ಯದಲ್ಲಿ ಸೇರದ ಭಿಕ್ಷುವಿಗೂ, ಪೋಷಧಕ್ಕೆ ಬಾರದವನಿಗೂ, ಪೋಷಧಕ್ಕೆ ಗೃಹಸ್ಥವೇಷದಲ್ಲಿ ಬಂದವನಿಗೂ ದಂಡವು ಒಂದು ಪಟ, ಎಂದರೆ ರೇಷ್ಮೆಯ ಒಂದು ಸುರುಳಿ. ಇನ್ನೊಬ್ಬ ಭಿಕ್ಷುವನ್ನು ಹೊಡೆದರೆ, ಹೊಡೆತದ ತಾರತಮ್ಯಕ್ಕೆ ತಕ್ಕಂತೆ 5, 10 ಅಥವಾ 15 ಪಟ. ವಿನಯಪಿಟಕವನ್ನು ಓದಿದವರಿಗೆ ಇದು ವಿಚಿತ್ರವೆನಿಸಬಹುದು. ಧನವನ್ನು ಮುಟ್ಟಬಾರದ ಭಿಕ್ಷುವಿಗೆ ಧನದಂಡವೆ! ಆದರೆ ಅಲ್ಲಿಯ ಭಿಕ್ಷುಗಳು ಹೊಲವನ್ನೂ ದಾಸರನ್ನೂ ಉಳ್ಳವರು, ಮಕ್ಕಳೊಂದಿಗರು. ಗೃಹಸ್ಥವೇಷದ ನಿಷೇಧವೇ ಅವರು ಮನೆಗಳಲ್ಲಿ ವಾಸಿಸುತ್ತಿದ್ದುದನ್ನು ಸೂಚಿಸುತ್ತದೆ.

ಹಾಗಿದ್ದಲ್ಲಿ ವಿಹಾರವು ವಾಸಸ್ಥಾನಕ್ಕಿಂತ ಹೆಚ್ಚಾಗಿ ಸಭಾಸ್ಥಾನ. ದ್ರಾಕ್ಷಿತೋಟದ ಒಂದು ಕ್ರಯಪತ್ರದಲ್ಲಿ ಚಡೋತದ ಭಿಕ್ಷುಸಂಘವೇ ಸಾಕ್ಷಿಯಾಗಿ ನಿಂತಿದೆ. ಧರ್ಮಕಾರ್ಯಕ್ಕೆ ಒಂದು ಕಟ್ಟಡ, ವ್ಯವಹಾರಕ್ಕೆ ಮತ್ತೊಂದು ಎಂದು ವಿಂಗಡಿಸುವುದು ಈ ಊರಿಗೆ ಒಪ್ಪದು. 1990ರ ದಶಕದಲ್ಲಿ ಚೀನ ಮತ್ತು ಜಪಾನಿನ ಶೋಧಕರು ಜೊತೆಗೂಡಿ ಅಗೆದಾಗ ಹೊರಬಿದ್ದ ಚೌಕನೆಯ ಬೌದ್ಧ ದೇವಗೃಹವು, ಸ್ಟೈನರು ಹಲಗೆಗಳ ರಾಶಿಯನ್ನು ತೆಗೆದ ಆ ಮೊದಲನೆಯ ಮನೆಯ ನಿವೇಶನದಲ್ಲಿಯೇ ಇದ್ದಿತು.