ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತು ನಡೆದ ಗಂಗೂಬಾಯಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಲ್ಕೂ ತಾಲ್ಲೂಕುಗಳಿಂದ ಹುಬ್ಬಳ್ಳಿ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ನಾವು ದಿನಾ ನೋಡುತ್ತೇವೆ. ಒಬ್ಬಳು ನರ್ಸಿಂಗ್ ಕಲಿಯಲು ಹೊರಟಿರುತ್ತಾಳೆ, ಇನ್ನೊಬ್ಬಳು ಅಂಗಡಿ ಕೆಲಸಕ್ಕೆ. ಮತ್ತೊಬ್ಬಳು ಮಕ್ಕಳ ಶಾಲೆಗಾಗಿ ಅಲ್ಲಿಯೇ ಬಾಡಿಗೆ ಮನೆ ಹಿಡಿದಿರುತ್ತಾಳೆ. ಊರಲ್ಲಿ ಉಳಿದವರು ಅವರ ಬಗ್ಗೆ ಏನೇನೋ ಮಾತಾಡಿಕೊಳ್ಳುವುದನ್ನೂ ಕೇಳಿದ್ದೇವೆ.

ಸುಮಾರು ನೂರು ವರ್ಷಗಳ ಹಿಂದೆ ಒಬ್ಬ ತಾಯಿ ತನ್ನ ಮಗಳ ಕಲಿಕೆಗಾಗಿ ಹೀಗೆಯೇ ಊರು ಬಿಟ್ಟು ಹುಬ್ಬಳ್ಳಿಗೆ ಬಂದಳು. ತಾಯಿಯ ಹೆಸರು ಅಂಬಾಬಾಯಿ. ಮಗಳು ಗಂಗೂಬಾಯಿ ಹಾನಗಲ್.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಆಗ ನಮ್ಮ ಹಾವೇರಿ ಜಿಲ್ಲೆ ಇರಲಿಲ್ಲ. ಹಾನಗಲ್ಲೂ ಧಾರವಾಡ ಜಿಲ್ಲೆಗೆ ಸೇರಿತ್ತು, ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಚಿಕ್ಕೂರಾವ್ ನಾಡಿಗೇರ, ಒಕ್ಕಲುತನದವರು. ಮುಂದೆ ಕೈಹಿಡಿದವರು ಗುರುರಾವ್ ಕೌಲಗಿ. ಆದರೆ ಗಂಗೂಬಾಯಿ ನಾಡಿಗೇರರೂ ಆಗಲಿಲ್ಲ, ಕೌಲಗಿಯವರೂ ಆಗಲಿಲ್ಲ. ಅವರ ಹೆಸರಿನ ಜೊತೆ ಉಳಿದದ್ದು ತಾಯಿಯ ಕಡೆಯವರ ಊರು ಹಾನಗಲ್ಲ. ಗಂಡಸರ ಅಡ್ಡಹೆಸರಿನಿಂದಲೇ ಮನೆ ಗುರುತಿಸುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ಹೆಸರಿನ ಹಿಂದೆ ನೋವೂ ಇತ್ತು. ಹಾಡುವುದು ಮರ್ಯಾದಸ್ಥ ಹೆಣ್ಣುಮಕ್ಕಳ ಕೆಲಸವಲ್ಲ ಎನ್ನುತ್ತಿದ್ದ ಕಾಲವದು. ಜಾತಿಯಲ್ಲೂ ಕೆಳಗಿನವರೆಂದು ಜನ ದೂರ ಇಡುತ್ತಿದ್ದರು. ಬೀದಿಯಲ್ಲಿ ಹೋದರೆ ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದರು. ಚಿಕ್ಕವರಿದ್ದಾಗ ಗಂಗೂಬಾಯಿ ನೆರೆಯ ಸಿರಿವಂತರ ತೋಟದಲ್ಲಿ ಮಾವಿನಹಣ್ಣು ಕದಿಯಲು ಹೋಗಿ ಸಿಕ್ಕಿಬಿದ್ದಿದ್ದರಂತೆ. ಆ ಮನೆಯವರಿಗೆ ಹಣ್ಣು ಹೋದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದೇ ದೊಡ್ಡ ಸಿಟ್ಟು. ಮುಂದೆ ಅದೇ ಜನ ತಮ್ಮ ಮನೆಗೆ ಕರೆದು ಉಪಚರಿಸಿದರು ಎಂದು ಗಂಗೂಬಾಯಿ ಹೇಳಿಕೊಂಡಿದ್ದರು.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿಯೂ ಇದ್ದರು. ವಯಸ್ಸು ಹನ್ನೊಂದು. ಅಷ್ಟು ದೊಡ್ಡ ಸಭೆಯಲ್ಲೂ ಆ ಮಗುವಿಗಿದ್ದ ಅಂಜಿಕೆ ಹಾಡಿನದಲ್ಲ. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡಿಸಿಯಾರೋ ಎಂಬುದು.

ಶಾಲೆ ಐದನೆಯ ಇಯತ್ತೆಗೇ ಮುಗಿಯಿತು. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದ ಗಾಯಕಿ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರೂ ಅವರ ಹಾಡು ಕೇಳಿ ಮೆಚ್ಚಿದ್ದರು. ಆದರೆ ಮಗಳ ಮನಸ್ಸು ಹಿಂದೂಸ್ತಾನಿ ಕಡೆಗೆ ವಾಲಿತು. ಆಗ ತಾಯಿ ಮಾಡಿದ್ದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ. ತನ್ನ ಹಾಡಿನ ಛಾಯೆ ಮಗಳ ಕಿವಿಗೆ ಬಿದ್ದು ಕಲಿಕೆ ಕೆಡಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿದರು. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು.

ಹುಬ್ಬಳ್ಳಿಯಲ್ಲಿ ಕಲಿಸಿದವರು ಕಿನ್ನರಿ ವಾದಕ ಕೃಷ್ಣಾಚಾರ್ಯ ಹುಲಗೂರ. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಹುಲಗೂರು ಈ ಗುರುವಿನ ಹೆಸರಿನಲ್ಲಿದೆ ನೋಡಿ. ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳನ್ನು ಕಲಿಸಿದರು. ಫೀಯ ವಿಷಯಕ್ಕೆ ಮಾತು ಬೆಳೆದು ಆ ಪಾಠ ನಿಂತಿತು. ಕೊನೆಗೆ ಸಿಕ್ಕವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು.

ಹದಿನಾರನೆಯ ವಯಸ್ಸಿಗೆ ಗುರುರಾವ್ ಕೌಲಗಿಯವರ ಜೊತೆ ಸಂಸಾರ ಶುರುವಾಗಿತ್ತು. ಅವರು ಬ್ರಾಹ್ಮಣರು, ವಕೀಲಿಕೆ ಓದಿದವರು. ಜಾತಿ ಮೀರಿದ ಈ ಸಂಬಂಧವನ್ನು ಆಗಿನ ಸಮಾಜ ಸುಲಭವಾಗಿ ಒಪ್ಪುವಂತಿರಲಿಲ್ಲ. ಕೃಷ್ಣಾ ಎಂಬ ಮಗಳು, ನಾರಾಯಣರಾವ್ ಮತ್ತು ಬಾಬುರಾವ್ ಎಂಬ ಗಂಡುಮಕ್ಕಳು. ಗುರುರಾಯರು ಮಾಡಿದ ವ್ಯಾಪಾರಗಳು ಕೈಹಿಡಿಯಲಿಲ್ಲ. ಮಗಳಿಗಾಗಿ ಊರು ಬಿಟ್ಟ ತಾಯಿ ಅಂಬಾಬಾಯಿಯೂ ಬಹಳ ದಿನ ಉಳಿಯಲಿಲ್ಲ. ಮನೆಯ ಭಾರವೆಲ್ಲ ಗಂಗೂಬಾಯಿಯ ಕೊರಳಿನ ಮೇಲೆ ಬಿತ್ತು.

ಮುಂಬಯಿಗೆ ಹೋಗಿ ಗ್ರಾಮಫೋನ್ ರೆಕಾರ್ಡಿಗೆ ಹಾಡಿದರು. ಮೊದಲಿನ ರೆಕಾರ್ಡುಗಳ ಮೇಲೆ ಅವರ ಹೆಸರು ‘ಗಾಂಧಾರಿ’. ರೇಡಿಯೋದಲ್ಲಿ ಹಾಡಿದರು, ಊರೂರು ತಿರುಗಿ ಕಛೇರಿ ಮಾಡಿದರು. ಸವಾಯಿ ಗಂಧರ್ವರು ನಾಟಕ ಕಂಪನಿಯ ತಿರುಗಾಟ ಮುಗಿಸಿ ನೆಲೆ ನಿಂತ ಮೇಲೆ ಮೂರು ವರ್ಷ ಗಟ್ಟಿ ತಾಲೀಮು ನಡೆಯಿತು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುವುದು, ಪಾಠ ಮುಗಿಸಿ ಸಂಜೆ ಮನೆಗೆ, ಮಕ್ಕಳ ಕಡೆಗೆ ಮರಳುವುದು. ಗುರುವಿನ ಮನೆಯಲ್ಲಿ ಅದೇ ಹೊತ್ತಿಗೆ ಕಲಿಯುತ್ತಿದ್ದ ಇನ್ನೊಬ್ಬ ಹುಡುಗ ಭೀಮಸೇನ ಜೋಶಿ. ಆ ಹುಡುಗನಿಗೆ ಗುರುವಿನ ಮನೆಯೇ ಮನೆ. ಗಂಗೂಬಾಯಿಗೆ ಮಾತ್ರ ದಿನಕ್ಕೆ ಎರಡು ಮನೆ.

ಮುಂದೆ ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಧ್ವನಿ ಒಡೆಯಿತು. ಮೊದಲಿನ ಸಪೂರ ದನಿ ಹೋಗಿ, ಗಂಡಸರಂಥ ಭಾರವಾದ ದನಿ ಬಂತು. ಹಾಡಿನಿಂದಲೇ ಮನೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ಹೊಡೆತ ಯಾವುದು? ಆದರೆ ಅವರು ಹಳೆಯ ದನಿಗಾಗಿ ಅಳುತ್ತ ಕೂಡಲಿಲ್ಲ. ಠುಮ್ರಿ, ಭಜನೆಗಳನ್ನು ಬದಿಗಿಟ್ಟು ಖಯಾಲನ್ನೇ ಹಿಡಿದರು. ಸಾವಕಾಶ ಒಂದೊಂದೇ ಸ್ವರ ಬಿಡಿಸುವ ಕಿರಾನಾ ಹಾದಿಗೆ ಆ ಭಾರದ ದನಿ ಹೊಂದಿಕೊಂಡಿತು. ಇಂದು ನಾವು ಮೊಬೈಲಿನಲ್ಲಿ ಕೇಳುವುದು ಹೆಚ್ಚಾಗಿ ಆ ದನಿಯನ್ನೇ.

ಐದನೆಯ ಇಯತ್ತೆ ಓದಿದ ಈ ತಾಯಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕಿಯಾದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. ಮೈಸೂರಿನಲ್ಲಿ ಅವರ ಹೆಸರಿನದೇ ಸಂಗೀತ ವಿಶ್ವವಿದ್ಯಾಲಯವಿದೆ. ಆದರೂ ಅವರು ಒಂದು ಮಾತನ್ನು ಮರೆಯದೆ ಹೇಳುತ್ತಿದ್ದರು: ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ, ಹಿಂದೂ ಆದರೆ ಪಂಡಿತ, ಹೆಣ್ಣು ಎಷ್ಟೇ ದೊಡ್ಡವಳಾದರೂ ಬರೀ ಬಾಯಿ.

ಮಗಳು ಕೃಷ್ಣಾ ಹಲವು ದಶಕ ತಾಯಿಯ ಹಿಂದೆ ಕೂತು ದನಿಗೂಡಿಸಿದರು. ಗಂಗೂಬಾಯಿ 2003ರಲ್ಲಿ ತಮಗೇ ಬಂದ ಕ್ಯಾನ್ಸರ್ ಗೆದ್ದರು. ಮರುವರ್ಷ ಅದೇ ರೋಗ ಮಗಳನ್ನು ಒಯ್ದಿತು. ಅದಾದ ಮೇಲೂ 2006ರ ಮಾರ್ಚ್‌ನಲ್ಲಿ, ತೊಂಬತ್ತು ದಾಟಿದ ಮೇಲೆ, ಕೊನೆಯ ಕಛೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಲಾಯಿತು.

ಹಾನಗಲ್ಲ ಎಂದರೆ ನಮಗೆ ಕದಂಬರ ನೆನಪು, ತಾರಕೇಶ್ವರ ಗುಡಿಯ ನೆನಪು. ಅರಸರು ಕಲ್ಲಿನಲ್ಲಿ ಬರೆಸಿದ ಊರಿನ ಹೆಸರನ್ನು ನಮ್ಮ ಕಾಲದಲ್ಲಿ ದೇಶಕ್ಕೆಲ್ಲ ಕೇಳಿಸಿದ್ದು ಒಬ್ಬ ಹೆಣ್ಣುಮಗಳು. ಅದೂ ಈ ಊರಲ್ಲಿ ಹುಟ್ಟದವಳು. ಹಿರಿಯರು ಬಿಟ್ಟು ಹೋದ ಊರನ್ನು ಆಕೆ ಹೆಸರಿನಿಂದ ಬಿಡಲಿಲ್ಲ.

ನಾಳೆ ನಿಮ್ಮೂರಿನ ಹುಡುಗಿಯೊಬ್ಬಳು ಚೀಲ ಹಿಡಿದು ಹುಬ್ಬಳ್ಳಿ ಬಸ್ಸಿಗೆ ಕಾದು ನಿಂತಿದ್ದರೆ, ಯಾಕೆ ಹೊರಟಳೋ ಎಂದು ಬಾಯಿಗೆ ಬಂದದ್ದು ಆಡುವ ಮೊದಲು ಅಂಬಾಬಾಯಿ ಮತ್ತು ಅವರ ಮಗಳನ್ನು ಒಮ್ಮೆ ನೆನೆಯಿರಿ. ಆಕೆಯ ದುಡಿಮೆಯಿಂದ ಒಂದು ಮನೆ ನಡೆಯುತ್ತಿರಬಹುದು.