ಸಲಿಂಗ ಒಲವು: ವಂಶವಾಹಿಗಳ ಪಾತ್ರವೆಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಜನರಿಗೆ ಜೋಗತಿ ಪರಂಪರೆ ಚಿರಪರಿಚಿತ. ಇದೇ ವಿಜಯನಗರ ಜಿಲ್ಲೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ಆದರೆ ಅದು ತನ್ನನ್ನು ಗಂಡೆಂದೋ ಹೆಣ್ಣೆಂದೋ ಅರಿಯುವ ಲಿಂಗ ಅಸ್ಮಿತೆಯ ವಿಷಯ. ಯಾರತ್ತ ಆಕರ್ಷಣೆ ಎಂಬುದು ಲೈಂಗಿಕ ಒಲವು. ಎರಡೂ ಬೇರೆ ಬೇರೆ.

ಸಲಿಂಗ ಒಲವು ಹುಟ್ಟಿನಿಂದ ಬಂದದ್ದೇ, ಬೆಳೆಸಿದ ರೀತಿಯಿಂದಲೇ ಎಂಬುದು ಹಲವು ಕುಟುಂಬಗಳನ್ನು ಕಾಡುವ ಪ್ರಶ್ನೆ. ಅಮೆರಿಕದ ಬೈಲಿ ಮತ್ತು ಪಿಲ್ಲಾರ್ಡ್ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಲಿಂಗ ಅಥವಾ ದ್ವಿಲಿಂಗ ಒಲವುಳ್ಳ ಪುರುಷರ ತದ್ರೂಪಿ ಅವಳಿ ಸೋದರರಲ್ಲಿ ಶೇ 52ರಷ್ಟು ಮಂದಿಗೆ ಅದೇ ಬಗೆಯ ಒಲವಿತ್ತು. ತದ್ರೂಪಿಗಳಲ್ಲದ ಅವಳಿಗಳಲ್ಲಿ ಈ ಪ್ರಮಾಣ ಶೇ 22. ವಂಶವಾಹಿಗಳೇ ಸರ್ವಸ್ವವಾಗಿದ್ದರೆ ಮೊದಲ ಸಂಖ್ಯೆ ಶೇ 100ರ ಸಮೀಪ ಇರಬೇಕಿತ್ತು.

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಬಹುತೇಕ ಯುರೋಪ್ ಮೂಲದ ಸುಮಾರು 4.77 ಲಕ್ಷ ಜನರ ಅಧ್ಯಯನವು ಸಲಿಂಗ ವರ್ತನೆಗೆ ಸಂಬಂಧಿಸಿದ ಐದು ವಂಶವಾಹಿ ತಾಣಗಳನ್ನು ಗುರುತಿಸಿತು. ವಂಶವಾಹಿಗಳ ಒಟ್ಟು ಪಾಲು ಶೇ 8ರಿಂದ 25. ಹೀಗಾಗಿ ‘ಸಲಿಂಗಿ ವಂಶವಾಹಿ’ ಎಂಬ ಒಂದೇ ಅಂಶವಿಲ್ಲ. ವ್ಯಕ್ತಿಯ ಒಲವನ್ನು ರಕ್ತಪರೀಕ್ಷೆಯಿಂದ ತಿಳಿಯಲೂ ಆಗದು.

ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಒಲವು ಬದಲಿಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿತು. ತಾಯಿ ಬೆಳೆಸಿದ್ದೇ ತಪ್ಪೆಂಬ ದೂಷಣೆಗಾಗಲಿ, ಮದುವೆ ಮಾಡಿದರೆ ಸರಿಹೋದೀತೆಂಬ ನಂಬಿಕೆಗಾಗಲಿ ವೈಜ್ಞಾನಿಕ ಆಧಾರವಿಲ್ಲ.